ಕಿವಿಗೆ ಮಿಷನ್ ಹಾಕಿದ ಮಗುವಿನ ಶಾಲಾ ದಿನ: ಬೆಳಗ್ಗೆ ಏಳರಿಂದ ರಾತ್ರಿ ಮಲಗುವವರೆಗೆ ನೀವು ಮಾಡಬೇಕಾದ್ದು

ಜೂನ್ ಮೊದಲ ವಾರ ನಮ್ಮ ಶಾಲೆಯ ಮೆಟ್ಟಿಲ ಮೇಲೆ ಕೂತ ತಾಯಂದಿರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಎಷ್ಟು ತಿಂಗಳಿಗೆ ಮಾತಾಡ್ತಾನೆ?" ಚಿಕ್ಕಬಳ್ಳಾಪುರದಲ್ಲಿ ಕಿವಿ ಕೇಳದ ಪುಟ್ಟ ಮಕ್ಕಳ ತರಗತಿಯನ್ನು ನಾನು ನೋಡಿಕೊಳ್ಳಲು ಶುರುಮಾಡಿ ಹನ್ನೊಂದು ವರ್ಷವಾಯಿತು. ಈ ಪ್ರಶ್ನೆಗೆ ತಿಂಗಳ ಲೆಕ್ಕ ಕೊಡಲು ನನಗೆ ಇನ್ನೂ ಬಂದಿಲ್ಲ. ನಾನೇ ತಿರುಗಿ ಕೇಳುತ್ತೇನೆ, "ಮಿಷನ್ ದಿನಕ್ಕೆ ಎಷ್ಟು ಗಂಟೆ ಕಿವಿಯಲ್ಲಿರುತ್ತೆ?" ಶಾಲೆಗೆ ಹೊರಡುವಾಗ ಹಾಕಿ, ಮನೆಗೆ ಬಂದ ಕೂಡಲೇ ಬಿಚ್ಚಿ ಬೀರುವಿನಲ್ಲಿಡುತ್ತೇವೆ ಅನ್ನುವವರೇ ಜಾಸ್ತಿ. ದುಬಾರಿ ವಸ್ತು, ಕಳೆದುಹೋದರೆ ಅಂತ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಶಾಲೆ ನಡೆಯುವುದು ಒಂಬತ್ತೂವರೆಯಿಂದ ಮೂರರವರೆಗೆ. ಅದರಲ್ಲಿ ಊಟ, ನಿದ್ದೆ, ಅಳು ಕಳೆದರೆ ಪಾಠಕ್ಕೆ ಉಳಿಯುವುದು ಮೂರು ಗಂಟೆ. ಮಗು ಎಚ್ಚರವಾಗಿರುವ ಮಿಕ್ಕ ಹೊತ್ತೆಲ್ಲ ನಿಮ್ಮ ಜೊತೆಗೇ.

ಇನ್ನೊಂದು ಲೆಕ್ಕ. ಕಿವಿ ಕೇಳುವ ಮಗು ಕೂಡ ಹೆಚ್ಚುಕಮ್ಮಿ ಒಂದು ವರ್ಷ ಬರೀ ಕೇಳಿಸಿಕೊಂಡೇ ಇರುತ್ತದೆ, ಆಮೇಲೆ ಮೊದಲ ಮಾತು. ನಿಮ್ಮ ಮಗುವಿಗೆ ಮೂರು ವರ್ಷ, ಮಿಷನ್ ಬಂದು ಆರು ತಿಂಗಳು ಅಂದರೆ, ಅವನ ಕಿವಿಗೆ ಆರೇ ತಿಂಗಳು. ಪಕ್ಕದ ಮನೆಯ ಮೂರು ವರ್ಷದವನ ಜೊತೆ ಹೋಲಿಸಬೇಡಿ.

ಮೊದಲ ಕೆಲಸ: ಮನೆ ಬಿಡುವ ಮುಂಚೆ ಐದು ನಿಮಿಷ

ಹಾಲು ಕಾಯಿಸುವಷ್ಟೇ ಖಂಡಿತವಾಗಿ ಇದು ದಿನವೂ ಆಗಬೇಕು. ಮಿಷನ್ ಕೈಗೆ ತೆಗೆದುಕೊಂಡು ಮೊದಲು ಕಣ್ಣಲ್ಲಿ ನೋಡಿ. ಕಿವಿಯೊಳಗೆ ಕೂರುವ ಮೋಲ್ಡಿನ ತೂತಿನಲ್ಲಿ ಗುಗ್ಗೆ ಕಟ್ಟಿಕೊಂಡಿದೆಯಾ? ಪಾರದರ್ಶಕ ಟ್ಯೂಬಿನಲ್ಲಿ ನೀರಿನ ಹನಿ ನಿಂತಿದೆಯಾ? ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಡಿಸೆಂಬರ್, ಜನವರಿಯಲ್ಲಿ ಬೈಕಿನ ಮುಂದೆ ಕೂತು ಬರುವ ಮಕ್ಕಳ ಟ್ಯೂಬಿನಲ್ಲಿ ಹನಿ ಗ್ಯಾರಂಟಿ. ಕಿವಿಯೊಳಗಿನ ಬೆಚ್ಚನೆ ಗಾಳಿ ಹೊರಗಿನ ಚಳಿಗೆ ಟ್ಯೂಬಿನಲ್ಲೇ ನೀರಾಗುತ್ತದೆ. ಒಂದೇ ಒಂದು ಹನಿ ಅಡ್ಡ ನಿಂತರೂ ಸದ್ದು ಒಳಗೆ ಹೋಗುವುದಿಲ್ಲ. ಮೋಲ್ಡನ್ನು ಮಿಷನ್ನಿಂದ ಬಿಡಿಸಿ, ಕ್ಲಿನಿಕ್‌ನಲ್ಲಿ ಕೊಡುವ ರಬ್ಬರ್ ಬುರುಡೆಯಿಂದ ಗಾಳಿ ಒತ್ತಿ. ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವ ಇರುತ್ತದೆ.

ಆಮೇಲೆ ಸೆಲ್. ಮಕ್ಕಳ ಮಿಷನ್ನಿಗೆ ಸಾಮಾನ್ಯವಾಗಿ ಬರುವುದು 13 ಅಥವಾ 675 ನಂಬರಿನದು. 13ಕ್ಕೆ ಕಿತ್ತಳೆ ಸ್ಟಿಕ್ಕರ್, 675ಕ್ಕೆ ನೀಲಿ. ಗಾಳಿ ಎಳೆದುಕೊಂಡು ಕೆಲಸ ಮಾಡುವ ಸೆಲ್ ಇದು. ಸ್ಟಿಕ್ಕರ್ ಕಿತ್ತ ತಕ್ಷಣ ಹಾಕದೆ ಒಂದೆರಡು ನಿಮಿಷ ಬಿಡಿ, ಆಮೇಲೆ ಹಾಕಿ. ಕಿತ್ತ ಸ್ಟಿಕ್ಕರನ್ನು ಮತ್ತೆ ಅಂಟಿಸಿ ಉಳಿತಾಯ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಇದು ಟಾರ್ಚಿನ ಸೆಲ್ಲಿನ ಹಾಗೆ ಮೆಲ್ಲಗೆ ಮಂಕಾಗುವುದೂ ಇಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಚೆನ್ನಾಗಿದ್ದದ್ದು ಹನ್ನೆರಡೂಕಾಲಿಗೆ ಸತ್ತಿರುತ್ತದೆ. ಕೊಳ್ಳುವಾಗ ಪಟ್ಟಿಯ ಹಿಂದಿನ ತಾರೀಕು ನೋಡಿ. ನಾನೇ ಒಮ್ಮೆ ಒಂದು ಅಂಗಡಿಯಲ್ಲಿ ಹತ್ತು ಪಟ್ಟಿ ಒಟ್ಟಿಗೆ ಸಿಕ್ಕಿತೆಂದು ಖುಷಿಯಿಂದ ತಂದೆ. ಒಂದೊಂದು ಸೆಲ್ಲೂ ಎರಡೇ ದಿನ ಬಂತು. ತಿರುಗಿಸಿ ನೋಡಿದರೆ ಅವಧಿ ಮುಗಿದು ವರ್ಷ ಕಳೆದಿತ್ತು.

ಹಳೆ ಸೆಲ್ಲನ್ನು ಮಗುವಿನ ಕೈಗೆಟುಕುವ ಕಡೆ ಬಿಡಬೇಡಿ. ನುಂಗಿದರೆ, ಮೂಗಿಗೆ ತುರುಕಿಕೊಂಡರೆ, ಮನೆಮದ್ದು ಬೇಡ, ವಾಂತಿ ಮಾಡಿಸುವುದು ಬೇಡ, ನಾಳೆ ನೋಡೋಣ ಅನ್ನುವುದಂತೂ ಬೇಡವೇ ಬೇಡ. ಆ ಕ್ಷಣವೇ ಆಸ್ಪತ್ರೆಗೆ. ಸೆಲ್ಲಿನ ಬಾಗಿಲಿಗೆ ಮಗು ತೆಗೆಯಲಾಗದ ಹಾಗೆ ಲಾಕ್ ಬರುತ್ತದೆ, ಮಿಷನ್ ಕೊಡುವಾಗಲೇ ಕೇಳಿ.

ಈಗ ನೀವೇ ಕೇಳಿ. ಡಾಕ್ಟರ ಸ್ಟೆತಸ್ಕೋಪಿನಂಥ ಒಂದು ಸಾಧನ ಇರುತ್ತದೆ, ಸ್ಟೆಟೋಕ್ಲಿಪ್ ಅನ್ನುತ್ತಾರೆ. ಅದಕ್ಕೆ ಮಿಷನ್ ಸಿಕ್ಕಿಸಿ "ಒಂದು, ಎರಡು, ಮೂರು" ಅಂತ ಮೆಲ್ಲಗೆ ಹೇಳಿ. ಕರಕರ ಬರುತ್ತಿದೆಯಾ, ಬಿಟ್ಟು ಬಿಟ್ಟು ಬರುತ್ತಿದೆಯಾ ಅಂತ ನಿಮ್ಮ ಕಿವಿಗೆ ಗೊತ್ತಾಗಬೇಕು. ಮಗುವಿಗೆ ಹೇಳಲು ಬರುವುದಿಲ್ಲ. ಸತ್ತ ಮಿಷನ್ ಹಾಕಿಕೊಂಡೇ ಮೂರು ದಿನ ಸುಮ್ಮನೆ ಶಾಲೆಗೆ ಬಂದು ಹೋದ ಮಕ್ಕಳನ್ನು ನೋಡಿದ್ದೇನೆ.

ಹಾಕುವಾಗ ಕೆಂಪು ಗುರುತು ಬಲಗಿವಿಗೆ, ನೀಲಿ ಎಡಗಿವಿಗೆ. ಅದಲು ಬದಲಾದರೆ ಮೋಲ್ಡ್ ಕೂರುವುದಿಲ್ಲ, ಕೀ ಅಂತ ಶಿಳ್ಳೆ ಹೊಡೆಯುತ್ತದೆ. ಸರಿಯಾಗಿ ಹಾಕಿಯೂ, ಮಗು ನಕ್ಕಾಗ ಅಗಿದಾಗ ಶಿಳ್ಳೆ ಬಂದರೆ ಮೋಲ್ಡ್ ಸಡಿಲವಾಗಿದೆ ಅಂತ ಅರ್ಥ. ಮಗು ಬೆಳೆಯುತ್ತದೆ, ಕಿವಿಯೂ ಬೆಳೆಯುತ್ತದೆ, ಮೋಲ್ಡ್ ಬೆಳೆಯುವುದಿಲ್ಲ. ಈ ವಯಸ್ಸಿನಲ್ಲಿ ಕೆಲವೇ ತಿಂಗಳಿಗೊಮ್ಮೆ ಹೊಸ ಅಚ್ಚು ತೆಗೆಸಬೇಕಾಗುತ್ತದೆ. ಶಿಳ್ಳೆ ನಿಲ್ಲಲಿ ಅಂತ ವಾಲ್ಯೂಮ್ ಇಳಿಸುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಮನೆಯವರಿಗೆ ನೆಮ್ಮದಿ, ಮಗುವಿಗೆ ಏನೂ ಕೇಳುವುದಿಲ್ಲ.

ಆರು ಸದ್ದು, ಒಂದು ಲಟ್ಟಣಿಗೆ

ಶಾಲೆಯ ಬಾಗಿಲಲ್ಲಿ ಪ್ರತಿ ಮಗುವಿಗೂ ನಾವು ಮಾಡುವ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಕೆನಡಾದಲ್ಲಿ ಕಿವುಡ ಮಕ್ಕಳ ಶಿಕ್ಷಣಕ್ಕಾಗಿ ದುಡಿದ ಡೇನಿಯಲ್ ಲಿಂಗ್ ರೂಪಿಸಿದ್ದು ಇದು: ಆ, ಊ, ಈ, ಶ್, ಸ್, ಮ್. ಮ್ ತಗ್ಗಿನ ಸದ್ದು, ಸ್ ತೀರಾ ಮೇಲಿನದು. ನಾವು ಆಡುವ ಮಾತಿನ ಸದ್ದುಗಳೆಲ್ಲ ಹೆಚ್ಚುಕಡಿಮೆ ಇವೆರಡರ ನಡುವೆ ಬರುತ್ತವೆ.

ಮಗುವಿನ ಕೈಗೆ ಬಳೆ ಕೊಡಿ, ಮುಂದೆ ಲಟ್ಟಣಿಗೆಯನ್ನು ನೆಟ್ಟಗೆ ಹಿಡಿಯಲು ಮನೆಯವರೊಬ್ಬರನ್ನು ಕೂರಿಸಿ. ಬಳೆಯನ್ನು ಕಿವಿ ಹತ್ತಿರ ಹಿಡಿದು ಕಾಯಬೇಕು, ಸದ್ದು ಕೇಳಿದಾಗ ಮಾತ್ರ ಲಟ್ಟಣಿಗೆಗೆ ಹಾಕಬೇಕು. ಮೊದಲು ನೀವೇ ಆಡಿ ತೋರಿಸಿ. ನೀವು ಮಗುವಿನ ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ ಇರಿ, ಬಾಯಿ ಕಾಣಬಾರದು. ಕೈಯಿಂದ ಬಾಯಿ ಮುಚ್ಚಿಕೊಂಡರೆ ಸದ್ದೇ ಕುಂದುತ್ತದೆ, ಅದು ಬೇಡ. ಶ್ ಅನ್ನುವಾಗ ಕತ್ತಿಗೆ ಉಸಿರು ತಾಗಿದರೂ ಮಗು ಬಳೆ ಹಾಕಿಬಿಡುತ್ತದೆ, ಎಚ್ಚರ. ಒಂದೇ ತಾಳದಲ್ಲಿ ಹೇಳುತ್ತಾ ಹೋಗಬೇಡಿ. ಒಮ್ಮೆ ಎರಡು ಸೆಕೆಂಡ್, ಒಮ್ಮೆ ಹತ್ತು ಸೆಕೆಂಡ್ ಸುಮ್ಮನಿರಿ. ಮಕ್ಕಳು ನಮಗಿಂತ ಜಾಣರು, ತಾಳ ಹಿಡಿದುಕೊಂಡು ಕೇಳದೆಯೂ ಬಳೆ ಹಾಕುತ್ತಾರೆ.

ಕಿವುಡು ತುಂಬಾ ಇರುವ ಮಕ್ಕಳಲ್ಲಿ ಕೆಲವರಿಗೆ ಮಿಷನ್ ಹಾಕಿದರೂ ಸ್ ಕೇಳುವುದೇ ಇಲ್ಲ. ಅದಕ್ಕೆ ಗಾಬರಿ ಬೇಡ. ಬೇರೆ ಮಗುವಿನ ಜೊತೆ ಹೋಲಿಸದೆ, ಇದೇ ಮಗುವಿನ ನಿನ್ನೆಯ ಜೊತೆ ಹೋಲಿಸಿ. ನಿನ್ನೆ ಐದು ಸದ್ದಿಗೆ ಬಳೆ ಹಾಕಿದವಳು ಇವತ್ತು ಮೂರಕ್ಕೆ ಹಾಕಿದರೆ ಸೆಲ್, ಟ್ಯೂಬು, ನೆಗಡಿ ಈ ಮೂರರಲ್ಲೊಂದು ಕಾರಣ ಇರುತ್ತದೆ. ಮೂರೂ ಇಲ್ಲದೆ ಎರಡು ದಿನ ಹೀಗೇ ಆದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ಆಡಿಯಾಲಜಿಸ್ಟ್ ಹತ್ತಿರ ಹೋಗಿ.

ಚೀಲ ಮತ್ತು ಬಸ್ಸು

ಚೀಲದಲ್ಲಿ ಒಂದು ಜೊತೆ ಸೆಲ್, ಮಿಷನ್ ಇಡಲು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿ, ಬೆವರು ಒರೆಸಲು ಹತ್ತಿ ಬಟ್ಟೆ, ಸುದ್ದಿ ಪುಸ್ತಕ (ಅದೇನು ಅಂತ ಮುಂದೆ ಹೇಳುತ್ತೇನೆ). ಡಬ್ಬಿಯ ಮೇಲೆ ಹೆಸರು ಬರೆದಿರಲಿ. ಮಿಷನ್ನಿಗೆ ದಾರ ಕಟ್ಟಿ ಅಂಗಿಯ ಬೆನ್ನಿಗೆ ಕ್ಲಿಪ್ ಹಾಕಿ. ಎದೆಗೆ ಹಾಕಿದರೆ ಮಗು ಎಳೆಯುತ್ತದೆ.

ಗೌರಿಬಿದನೂರು, ಚಿಂತಾಮಣಿ ಕಡೆಯಿಂದ ಬಸ್ಸಲ್ಲಿ ಬರುವ ತಾಯಂದಿರು ಕಿಟಕಿ ಪಕ್ಕ ಕೂತು ಮಗುವಿಗೆ ಹೊರಗಿನದ್ದನ್ನು ತೋರಿಸುತ್ತಾ ಬರಬಹುದು. ಬಸ್ಸಿನ ಗದ್ದಲದಲ್ಲಿ ಮಾತಿನ ಪಾಠ ಮಾತ್ರ ಬೇಡ, ಎಂಜಿನ್ ಸದ್ದನ್ನೂ ಮಿಷನ್ ದೊಡ್ಡದು ಮಾಡುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಂದಿರ ಟಿಕೆಟ್ ಖರ್ಚು ತಪ್ಪಿತು. ನಿಜ ಹೇಳಬೇಕೆಂದರೆ ನಮ್ಮ ತರಗತಿಯ ಹಾಜರಾತಿ ಸುಧಾರಿಸಿದ್ದಕ್ಕೆ ನನ್ನ ಪಾಠಕ್ಕಿಂತ ಅದೇ ದೊಡ್ಡ ಕಾರಣ.

ತರಗತಿಯೊಳಗೆ ಏನು ನಡೆಯುತ್ತದೆ

ಮಕ್ಕಳು ಅರ್ಧಚಂದ್ರಾಕಾರದಲ್ಲಿ ಕೂರುತ್ತಾರೆ, ಎಲ್ಲರಿಗೂ ಎಲ್ಲರ ಮುಖ ಕಾಣಬೇಕು. ಬೆಳಕು ನನ್ನ ಮುಖದ ಮೇಲೆ ಬೀಳಬೇಕು, ಕಿಟಕಿಗೆ ಬೆನ್ನು ಹಾಕಿ ನಾನು ಕೂರುವುದಿಲ್ಲ. ನೆಲಕ್ಕೆ ಜಮಖಾನ, ಗೋಡೆಗೆ ಗೋಣಿಬಟ್ಟೆ. ಬರಿಗೋಡೆ, ಬರಿನೆಲದ ಕೋಣೆಯಲ್ಲಿ ಸದ್ದು ಮಾರ್ದನಿಗೊಟ್ಟು ಮಾತು ಕಲಸಿಹೋಗುತ್ತದೆ. ನಿಮ್ಮ ಮನೆಯಲ್ಲೂ ಮಗುವಿನ ಜೊತೆ ಮಾತಾಡುವ ಮೂಲೆಗೆ ಹಳೆ ಕಂಬಳಿಯೊಂದನ್ನು ಹಾಸಿದರೆ ವ್ಯತ್ಯಾಸ ಕಾಣುತ್ತದೆ.

ಊಟದ ಹೊತ್ತು ಪಾಠದ ಹೊತ್ತೇ. ಡಬ್ಬಿ ತೆಗೆದುಕೊಡುವ ಮುನ್ನ ಒಂದು ಗಳಿಗೆ ಕಾಯುತ್ತೇವೆ. ಮಗು ನೋಡುತ್ತದೆ, ಕೈ ಚಾಚುತ್ತದೆ, ಏನೋ ಒಂದು ಸದ್ದು ಮಾಡುತ್ತದೆ. "ಮುದ್ದೆ ಬೇಕಾ? ಮುದ್ದೆ ಕೊಡ್ಲಾ? ಇಕೋ, ಮುದ್ದೆ." ಒಂದೇ ಪದ, ಮೂರು ಚಿಕ್ಕ ವಾಕ್ಯಗಳಲ್ಲಿ. ಒಂಟಿ ಪದ ಹೇಳಿ ಹೇಳಿ ಗಿಣಿಪಾಠ ಮಾಡಿಸುವುದಕ್ಕಿಂತ ಇದು ಬೇಗ ನಾಟುತ್ತದೆ. ಮಲಗುವಾಗ ಮಿಷನ್ ಡಬ್ಬಿಗೆ, ಎದ್ದ ಕೂಡಲೇ ಕಿವಿಗೆ.

ಉಚ್ಚಾರಣೆಯ ವಿಷಯಕ್ಕೆ ಬಂದರೆ, ತಾಯಂದಿರಿಗೆ ನಾನು ಮೊದಲ ದಿನವೇ ಒಂದು ಆಟ ಆಡಿಸುತ್ತೇನೆ. ಕನ್ನಡಿ ಮುಂದೆ ನಿಂತು ಸದ್ದಿಲ್ಲದೆ "ಅಪ್ಪ" ಅನ್ನಿ. ಈಗ "ಅಮ್ಮ" ಅನ್ನಿ. ಏನಾದರೂ ವ್ಯತ್ಯಾಸ ಕಂಡಿತಾ? ತುಟಿಯ ಮೇಲೆ ಎರಡೂ ಒಂದೇ. "ನಮ್ಮನ್ನೇ ಅಪ್ಪ ಅಂತ ಕರೀತಾನೆ ಮೇಡಂ" ಅಂತ ಬೇಜಾರು ಮಾಡಿಕೊಂಡಿದ್ದ ಒಬ್ಬ ತಾಯಿ ಕನ್ನಡಿ ಮುಂದೆ ಎರಡು ಸಲ ಬಾಯಾಡಿಸಿ ನಕ್ಕುಬಿಟ್ಟರು. ಪ, ಬ, ಮ ಮೂರಕ್ಕೂ ತುಟಿ ಮುಚ್ಚುತ್ತದೆ. ವ್ಯತ್ಯಾಸ ಇರುವುದು ಮೂಗಿನಲ್ಲಿ, ಗಂಟಲಿನಲ್ಲಿ, ಉಸಿರಿನಲ್ಲಿ. ಮ ಅನ್ನುವಾಗ ಮಗುವಿನ ಬೆರಳನ್ನು ನಿಮ್ಮ ಮೂಗಿನ ಪಕ್ಕಕ್ಕೆ ಇಡಿ, ನಡುಗುತ್ತದೆ. ಪ ಅನ್ನುವಾಗ ತುಟಿ ಮುಂದೆ ತೆಳ್ಳನೆ ಕಾಗದದ ಪಟ್ಟಿ ಹಿಡಿಯಿರಿ, ಹಾರುತ್ತದೆ. ಇನ್ನು ಕ, ಗ ಬಾಯಿಯ ಹಿಂಭಾಗದಲ್ಲೇ ಹುಟ್ಟಿ ಹೋಗುತ್ತವೆ. "ಕಾಗೆ" ಅನ್ನುವುದನ್ನು ತುಟಿ ನೋಡಿ ಹಿಡಿಯಲು ಯಾರಿಂದಲೂ ಆಗದು. ಅದಕ್ಕೇ ಮೊದಲು ಕಿವಿಗೆ ಕೇಳಿಸಿ, ಆಮೇಲೆ ಮುಖ ತೋರಿಸಿ, ಮತ್ತೆ ಕಿವಿಗೆ ಕೇಳಿಸಿ ಅನ್ನುತ್ತೇವೆ.

ಸುದ್ದಿ ಪುಸ್ತಕ: ದಿನಕ್ಕೊಂದು ಪುಟ

ಇಡೀ ದಿನದಲ್ಲಿ ನನಗೆ ಅತಿ ಮುಖ್ಯವಾದ ಅರ್ಧ ಗಂಟೆ ಇದು. ಗೆರೆಯಿಲ್ಲದ ನೂರು ಪುಟದ ಪುಸ್ತಕ ತನ್ನಿ. ರಾತ್ರಿ ಮಗುವಿನ ಎದುರಿಗೇ ಕೂತು, ಅವತ್ತು ಮನೆಯಲ್ಲಿ ಆದ ಒಂದೇ ಒಂದು ಸಂಗತಿಯ ಚಿತ್ರ ಬರೆಯಿರಿ. ಚಿತ್ರ ಬರೆಯಲು ಬರುವುದಿಲ್ಲ ಅನ್ನಬೇಡಿ. ಕಡ್ಡಿ ಕಡ್ಡಿ ಮನುಷ್ಯರಾದರೂ ಸಾಕು, ಬರೆಯುವುದನ್ನು ಮಗು ನೋಡಬೇಕು ಅಷ್ಟೇ. ಕೆಳಗೆ ಎರಡು ಮೂರು ಚಿಕ್ಕ ವಾಕ್ಯ. ಬೆಳಗ್ಗೆ ಆ ಪುಟ ತೆರೆದು ಮಗುವಿನ ಬಾಯಿಂದ, ಕೈಯಿಂದ, ಕಣ್ಣಿನಿಂದ ನಾನು ಸುದ್ದಿ ಹೊರಡಿಸುತ್ತೇನೆ. ಪುಸ್ತಕ ಇಲ್ಲದಿದ್ದರೆ ಅವನು "ಆ... ಆ..." ಅಂತ ಹೇಳುತ್ತಿರುವುದು ಹೊಸ ಚಪ್ಪಲಿಯ ವಿಷಯವೋ ಸತ್ತ ಕೋಳಿಯ ವಿಷಯವೋ ನನಗೆ ಹೇಗೆ ಗೊತ್ತಾಗಬೇಕು?

"ನಾನು ಎದ್ದೆ. ಹಲ್ಲುಜ್ಜಿದೆ. ಊಟ ಮಾಡಿದೆ" ಅಂತ ದಿನಾ ಬರೆದು ಕಳಿಸುವವರಿದ್ದಾರೆ. ಅದು ಸುದ್ದಿಯಲ್ಲ. "ಹಸು ಕರು ಹಾಕಿತು. ಕರು ಎದ್ದಿತು, ಬಿತ್ತು, ಮತ್ತೆ ಎದ್ದಿತು" ಅನ್ನುವುದು ಸುದ್ದಿ. ಒಂದೆಳೆ ಹುಲ್ಲನ್ನೂ ಅಂಟಿಸಿ ಕಳಿಸಿ. ಬಸ್ ಟಿಕೆಟ್, ಚಾಕ್ಲೇಟ್ ಕಾಗದ, ಮಗುವಿನ ತಲೆ ಬೋಳಿಸಿದ ದಿನದ ಒಂದು ಚಿಟಿಕೆ ಕೂದಲು, ಎಲ್ಲವೂ ನಡೆಯುತ್ತದೆ.

ಶಿಡ್ಲಘಟ್ಟದಿಂದ ಬರುತ್ತಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಒಂದು ದಿನ ಪುಸ್ತಕದ ಜೊತೆ ಬೆಂಕಿಪೊಟ್ಟಣದಲ್ಲಿ ಒಂದು ರೇಷ್ಮೆ ಗೂಡು ತಂದಳು. ಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಮಾಡುವ ಹಾಗೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು, ಒಳಗಿನ ಹುಳ ಟಕ ಟಕ ಅಂತು. ನಾವು ನೀವು ಹಿಡಿಯುವುದು ಕಿವಿಯ ತೂತಿನ ಹತ್ತಿರ. ಅವಳು ಹಿಡಿದದ್ದು ಕಿವಿಯ ಹಿಂದೆ, ಮೇಲಕ್ಕೆ, ಮಿಷನ್ನಿನ ಮೈಕ್ ಇರುವ ಜಾಗಕ್ಕೆ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಎಂಟೂ ಮಕ್ಕಳು ಸರದಿಯಲ್ಲಿ ನಿಂತು ಅಲ್ಲಾಡಿಸಿದರು. ಆ ವಾರ ಗೂಡು, ಹುಳ, ಸೊಪ್ಪು, ನೂಲು, "ಒಳಗೆ", "ಹೊರಗೆ" ಇಷ್ಟು ಪದಗಳನ್ನು ನಾನು ಹೊಸದಾಗಿ ಯಾವ ಚಾರ್ಟೂ ಬರೆಯದೆ ಕಲಿಸಿದೆ.

ಮನೆಯಲ್ಲಿ ಯಾವ ಭಾಷೆ?

ಬಾಗೇಪಲ್ಲಿ, ಚಿಂತಾಮಣಿ ಕಡೆ ಮನೆಮಾತು ತೆಲುಗು, ಹಲವರಿಗೆ ಉರ್ದು. ಶಾಲೆಯಲ್ಲಿ ಕನ್ನಡ. "ಮಗುವಿಗೆ ಗೊಂದಲ ಆಗುತ್ತೆ, ಮನೆಯಲ್ಲೂ ಕನ್ನಡವನ್ನೇ ಮಾತಾಡಿ" ಅಂತ ಮೊದಮೊದಲು ನಾನೂ ಹೇಳಿ ಕಳಿಸುತ್ತಿದ್ದೆ. ಬಾಗೇಪಲ್ಲಿಯ ಒಬ್ಬ ಅಜ್ಜಿ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ದಿನವಿಡೀ ತೆಲುಗಿನಲ್ಲಿ ವಟವಟ ಅನ್ನುತ್ತಿದ್ದವರು, ನನ್ನ ಮಾತು ಕೇಳಿ ಮೌನವಾದರು. ಅವರಿಗೆ ಬರುತ್ತಿದ್ದ ಕನ್ನಡ ಹತ್ತು ಪದ. ಬಾ, ಊಟ, ನೀರು, ಬೇಡ. ಎರಡು ತಿಂಗಳು ಆ ಮಗುವಿನ ಕಿವಿಗೆ ಮನೆಯಲ್ಲಿ ಬಿದ್ದದ್ದು ಅಷ್ಟೇ. ತಪ್ಪು ನನ್ನದು. ಈಗ ಹೇಳುವುದು ಹೀಗೆ: ನಿಮ್ಮ ಬಾಯಲ್ಲಿ ಜೋಗುಳ, ಬೈಗುಳ, ಕಥೆ ಯಾವ ಭಾಷೆಯಲ್ಲಿ ತಾನಾಗಿ ಬರುತ್ತದೋ ಅದನ್ನೇ ಆಡಿ. ಬೇರು ಗಟ್ಟಿಯಾದರೆ ಸಾಕು. ಮನೆಯಲ್ಲಿ "ನೀಳ್ಳು" ಅರ್ಥವಾದ ಮಗುವಿಗೆ ಶಾಲೆಯಲ್ಲಿ "ನೀರು" ಕಲಿಸುವುದು ನನ್ನ ಕೆಲಸ. ಯಾವ ಪದ ಅರ್ಥವಾಗುತ್ತದೆ ಅನ್ನುವ ಪಟ್ಟಿಯನ್ನು ಮಾತ್ರ ಸುದ್ದಿ ಪುಸ್ತಕದ ಕೊನೆಗೆ ಬರೆದು ಕೊಡಿ.

ಕೈಸನ್ನೆ ಬಳಸಿದರೆ ಬಾಯಿ ಬಿಡುವುದಿಲ್ಲವಂತೆ ಅಂತ ಹೆದರುವವರೂ ಇದ್ದಾರೆ. ನಾನು ಹಾಗೆ ಕಂಡಿಲ್ಲ. ಮಿಷನ್ನಿಂದ ಮಾತಿನ ಸದ್ದು ಅಷ್ಟಾಗಿ ಸಿಗದ ಮಗುವನ್ನು ಮಾತು ಬರಲಿ ಅಂತ ವರ್ಷಗಟ್ಟಲೆ ಭಾಷೆಯೇ ಇಲ್ಲದೆ ಕೂರಿಸುವುದು ದೊಡ್ಡ ಅನ್ಯಾಯ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟು ಮಾಡಿದೆ, ವಿಡಿಯೋಗಳು ಮೊಬೈಲಿನಲ್ಲೇ ಸಿಗುತ್ತವೆ. ಮನೆಯವರೆಲ್ಲ ಕಲಿಯಿರಿ, ಅಮ್ಮ ಒಬ್ಬಳೇ ಅಲ್ಲ.

ಸಂಜೆ, ರಾತ್ರಿ, ಭಾನುವಾರ

ಮನೆಗೆ ಬಂದ ಮೇಲೆ ಟಿವಿ ಆರಿಸಿ. ಅಡುಗೆಮನೆಯಿಂದ ಕೂಗಿ ಕರೆಯಬೇಡಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಕೂಗಿದರೆ ಬಾಯಿಯ ಆಕಾರವೂ ಕೆಡುತ್ತದೆ. ಒಂದು ಮೊಳ ದೂರಕ್ಕೆ ಬಂದು, ಮಗುವಿನ ಮಟ್ಟಕ್ಕೆ ಕೂತು, ಮಾಮೂಲಿ ದನಿಯಲ್ಲಿ ಮಾತಾಡಿ. ಈರುಳ್ಳಿ ಹೆಚ್ಚುವಾಗ, ಹುರುಳಿಕಾಯಿ ನಾರು ತೆಗೆಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕುಕ್ಕರ್ ಕೂಗಿದರೆ ಕಿವಿ ಮುಟ್ಟಿ ತೋರಿಸಿ, "ಕೇಳಿಸ್ತಾ? ಕುಕ್ಕರ್ ಕೂಗ್ತು" ಅನ್ನಿ. ಮನೆಯಲ್ಲೇ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮಷೀನ್ ಓಡುತ್ತಿದ್ದರೆ ಅದರ ಪಕ್ಕ ಮಾತಿನ ಪಾಠ ಬೇಡ, ಹಿತ್ತಲಿಗೆ ಹೋಗಿ.

ರಾತ್ರಿ ಮೋಲ್ಡನ್ನು ಬಿಡಿಸಿ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಮಿಷನ್ನಿಗೆ ನೀರು ತಾಗಿಸಬೇಡಿ. ಸೆಲ್ಲಿನ ಬಾಗಿಲು ತೆರೆದು ಡಬ್ಬಿಯಲ್ಲಿಡಿ. ಮುಚ್ಚಳ ಮುಚ್ಚಲೇಬೇಕು. ಆನ್ ಆಗಿದ್ದ ಮಿಷನ್ನನ್ನು ಕಟ್ಟೆಯ ಮೇಲೆ ಬಿಟ್ಟಿದ್ದಕ್ಕೆ ಬೀದಿನಾಯಿ ಬಂದು ಮೋಲ್ಡ್ ಸಮೇತ ಅಗಿದುಹಾಕಿತ್ತು, ನಮ್ಮ ತರಗತಿಯ ಒಂದು ಮನೆಯಲ್ಲೇ. ಆ ಕೀಚಲು ಶಿಳ್ಳೆ, ಗುಗ್ಗೆಯ ವಾಸನೆ ಎರಡೂ ನಾಯಿಯನ್ನು ಎಳೆಯುತ್ತವೆ.

ಭಾನುವಾರದ ಎಣ್ಣೆ ನೀರಿನಲ್ಲಿ ಒಂದು ಸಂಪ್ರದಾಯ ಬಿಡಿ: ಕಿವಿಗೆ ಎಣ್ಣೆ ಬಿಡಬೇಡಿ. ತಲೆಗೆ ಹರಳೆಣ್ಣೆ ಹಚ್ಚುವುದಾದರೆ ಹಚ್ಚಿ, ಸ್ನಾನ ಮುಗಿದು ಕಿವಿ, ಕೂದಲು ಒಣಗಿದ ಮೇಲೆ ಮಿಷನ್ ಹಾಕಿ. ಕಿವಿ ಸೋರುತ್ತಿದ್ದರೆ, ಮುಟ್ಟಿದರೆ ಅಳುತ್ತಿದ್ದರೆ ಮೋಲ್ಡ್ ತುರುಕಬೇಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಕಾಗದ ಪತ್ರ

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಲ್ಲದಿದ್ದರೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹತ್ತಿರ ಕೇಳಿದರೆ ಅರ್ಜಿಗೆ ಸಹಾಯ ಮಾಡುತ್ತಾರೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಆದಾಯ ಕಡಿಮೆ ಇದ್ದವರಿಗೆ ಮಿಷನ್ ಉಚಿತವಾಗಿ ಸಿಗುತ್ತದೆ. ಮಿಷನ್ನಿನ ಸೀರಿಯಲ್ ನಂಬರ್, ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ) ಎರಡರ ಫೋಟೋ ಮೊಬೈಲಲ್ಲಿರಲಿ. ಕೆಲವು ತಿಂಗಳು ಊರು ಬಿಟ್ಟು ಇರಲು ಆಗುವವರಿಗೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರಿಸ್ಕೂಲ್ ಇದೆ, ಅಲ್ಲಿ ಮಗುವಿನ ಜೊತೆ ತಾಯಿಗೂ ತರಬೇತಿ.

ಊರ ಶಾಲೆಗೆ ಸೇರಿಸುವಾಗ

ಆರು ವರ್ಷದ ಹೊತ್ತಿಗೆ ಕೆಲವರು ಊರಿನ ಒಂದನೇ ತರಗತಿಗೆ ಹೋಗುತ್ತಾರೆ. ಹೋಗುವ ಮುಂಚೆ, ಮೇ ತಿಂಗಳಲ್ಲೇ ತಾಲ್ಲೂಕಿನ ಬಿಆರ್‌ಸಿ (ಶಿಕ್ಷಣ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ, ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರನ್ನು ಕಂಡು ಮಗುವಿನ ಹೆಸರು ಹೇಳಿ. ಮೊದಲ ದಿನ ನೀವೇ ಹೋಗಿ ತರಗತಿಯ ಮೇಷ್ಟ್ರಿಗೆ ಸೆಲ್ ಬದಲಾಯಿಸುವುದನ್ನು ತೋರಿಸಿ, ಅವರ ಕೈಯಿಂದಲೂ ಒಂದು ಸಲ ಮಾಡಿಸಿ, ಒಂದು ಪಟ್ಟಿ ಸೆಲ್ ಅವರ ಮೇಜಿನ ಡ್ರಾಯರಿನಲ್ಲಿ ಬಿಟ್ಟು ಬನ್ನಿ. ಬೋರ್ಡಿಗೆ ಬರೆಯುತ್ತಾ ಬೆನ್ನು ತಿರುಗಿಸಿ ಪಾಠ ಹೇಳಬೇಡಿ ಅಂತ ಸಂಕೋಚ ಬಿಟ್ಟು ಕೇಳಿಕೊಳ್ಳಿ. ಮಗುವಿಗೆ ಎರಡನೇ ಸಾಲಿನ ಪಕ್ಕದ ಜಾಗ ಕೇಳಿ. ತೀರಾ ಮುಂದೆ ಕೂತರೆ ಪ್ರಶ್ನೆಗೆ ಉತ್ತರ ಹೇಳುವ ಬೇರೆ ಮಕ್ಕಳ ಮುಖ ಕಾಣುವುದಿಲ್ಲ. ಫ್ಯಾನಿನ ಕೆಳಗೆ, ರಸ್ತೆ ಕಡೆಯ ಕಿಟಕಿ ಪಕ್ಕ ಬೇಡ. ಒಂದು ಕಿವಿ ಚೆನ್ನಾಗಿದ್ದರೆ ಆ ಕಿವಿ ಮೇಷ್ಟ್ರ ಕಡೆಗಿರಲಿ. ಸುದ್ದಿ ಪುಸ್ತಕವನ್ನೂ ಕೊಟ್ಟು ಬನ್ನಿ, ಹಳೆಯದು, ತುಂಬಿದ್ದು. ಅದನ್ನು ತಿರುವಿ ಹಾಕಿದ ಮೇಷ್ಟ್ರು ಮಗುವನ್ನು ಕರೆದು ಮೊದಲು ಕೇಳುವುದು ಕರುವಿನ ವಿಷಯವನ್ನೇ.